ಡ್ರ್ಯಾಗನ್ ಗರ್ಜಿಸುತ್ತದೆ, ಸ್ವಲ್ಪ ತಡೀರಿ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಹೊರತಂದಾಗ ಅದಕ್ಕೆ ಬೇಕಿದ್ದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ಬಾಯಿ. ಕಥೆ ನಡೆಸುವ ಡಂಜನ್ ಮಾಸ್ಟರ್ ಬಾಯಲ್ಲೇ ಗುಡುಗಬೇಕು, ಬಾಯಲ್ಲೇ ಬಾಗಿಲು ಕಿರ್ರೆನ್ನಿಸಬೇಕು. ಈಗ ಪಾಪ, ಅವನ ಕೈಗೆ ಬ್ಲೂಟೂತ್ ಸ್ಪೀಕರ್ ಬಂದಿದೆ.

ಜೊತೆಗೆ ಪಜೀತಿಯೂ. ಆಟಗಾರರು ಉಸಿರು ಬಿಗಿಹಿಡಿದು ಗುಹೆಯ ಬಾಗಿಲು ತಳ್ಳುತ್ತಾರೆ. ಮಾಸ್ಟರ್ ಒಂದು ಕೈಯಲ್ಲಿ ದಾಳ, ಇನ್ನೊಂದರಲ್ಲಿ ಫೋನು ಹಿಡಿದು ಗರ್ಜನೆ ಹುಡುಕುತ್ತಾನೆ. ಸ್ಪೀಕರ್ ಮೊದಲು 'ಕನೆಕ್ಟೆಡ್' ಎಂದು ಘೋಷಿಸುತ್ತದೆ. ಆಮೇಲೆ ಹೆಂಡದಂಗಡಿಯ ಗದ್ದಲ. ಅದನ್ನು ನಿಲ್ಲಿಸುವಷ್ಟರಲ್ಲಿ ಸಿಮೆಂಟಿನ ಜಾಹೀರಾತು. ಕೊನೆಗೂ ಗರ್ಜನೆ ಕೇಳಿಸುವ ಹೊತ್ತಿಗೆ ಡ್ರ್ಯಾಗನ್ ಸತ್ತು, ಅದರ ಚಿನ್ನ ಪಾಲಾಗಿ, ಯಾರೋ ಚಿಪ್ಸ್ ತರಲು ಎದ್ದಿರುತ್ತಾರೆ.

ಉಪಾಯಗಳಿಲ್ಲವೆಂದಲ್ಲ. 'ಸಿರಿನ್‌ಸ್ಕೇಪ್' ಆ್ಯಪ್ ಇಂಥ ಆಟಗಳಿಗೆಂದೇ ಹುಟ್ಟಿದ್ದು. 'ಟೇಬಲ್‌ಟಾಪ್ ಆಡಿಯೋ' ಜಾಲತಾಣದಲ್ಲಿ ತಲಾ 10 ನಿಮಿಷದ ಹಿನ್ನೆಲೆ ಸದ್ದುಗಳು ಸಿಗುತ್ತವೆ. ಹಿನ್ನೆಲೆಯೇ ಕ್ಷೇಮ, ಮಳೆ ಎರಡು ನಿಮಿಷ ತಡವಾಗಿ ಬಂದರೂ ಮಳೆಯೇ.

ಆದರೂ ಹಳೆಯ ರೇಡಿಯೊ ನಾಟಕದವರೇ ಜಾಣರು: ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ತಗಡು ಅಲ್ಲಾಡಿಸಿದರೆ ಗುಡುಗು. 1975ರ 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್' ಚಿತ್ರದ ರಾಜ ಆರ್ಥರನಿಗಂತೂ ಕುದುರೆಯೇ ಇಲ್ಲ, ಹಿಂದೆ ಚಿಪ್ಪು ಕುಟ್ಟುವ ಸೇವಕನಷ್ಟೇ! ಚಿಪ್ಪಿಗೆ ಚಾರ್ಜಿಂಗ್ ಬೇಡ, ಜಾಹೀರಾತಿನ ಕಾಟವೂ ಇಲ್ಲ. ಮಾಸ್ಟರ್ ಆಗಬೇಕೆಂದಿರುವವರು ಚಟ್ನಿಗೆ ಕಾಯಿ ತುರಿದ ಮೇಲೆ ಚಿಪ್ಪು ಎಸೆಯಬೇಡಿ.