ದಾಸವಾಳಕ್ಕೆ ನೈಟ್ ಶಿಫ್ಟ್

ದಾಸವಾಳ ಬೆಳೆಸಲು ಬುದ್ಧಿ ಬೇಕಿಲ್ಲ ಅಂತಾರೆ. ನನಗೆ ಸ್ವಲ್ಪ ಇದ್ದದ್ದೇ ತೊಂದರೆಯಾಯಿತು.

ಬಂಗಾರಪೇಟೆಯಲ್ಲಿ ಕಾಂಪೌಂಡಿಗೊಂದು ದಾಸವಾಳ, ಯಾರ ಹಂಗೂ ಇಲ್ಲದೆ ಹೂ ಬಿಡುತ್ತಿರುತ್ತದೆ. ಅಂಥ ನಾಟಿ ಗಿಡ ನನ್ನ ಅಂತಸ್ತಿಗೆ ಸಾಲಲಿಲ್ಲ. ರಾಬರ್ಟ್‌ಸನ್‌ಪೇಟೆಯಿಂದ ಕೆಂಪು ಹೈಬ್ರಿಡ್ ಕೊಂಡು, ಊರಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

“ಗಣೇಶನಿಗೆ ದಿನಾ ಒಂದು ಹೂವಾಯ್ತು,” ಅಂದಳು ಹೆಂಡತಿ.

“ಇದು ದೇವರಿಗಲ್ಲ, ಹಾಲ್‌ಗೆ,” ಅಂದೆ. ಟಿವಿ ಪಕ್ಕ ಪ್ರತಿಷ್ಠಾಪನೆಯಾಯಿತು.

ಮೊಗ್ಗುಗಳು ಅರಳುವ ಮೊದಲೇ ಉದುರತೊಡಗಿದವು. ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನನ್ನ ಹಾಲ್‌ನಲ್ಲಿದ್ದದ್ದು ಟ್ಯೂಬ್‌ಲೈಟು. ನಾನೋ, ಕತ್ತಲಿರುವಾಗಲೇ ಬೆಂಗಳೂರಿನ ರೈಲು ಹಿಡಿದು ಕತ್ತಲಾದ ಮೇಲೆ ಮನೆ ಸೇರುವವನು. ಹಗಲಿನಲ್ಲಿ ಗಿಡ ಹೇಗಿರುತ್ತದೆಂದೇ ನನಗೆ ತಿಳಿಯದು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ತಂದ ಸೀಮೆ ನಮ್ಮದು. ಅಲ್ಲಿ ಚಾಂಪಿಯನ್ ರೀಫ್ ಚಿನ್ನದ ಗಣಿಯವರು ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ದೀಪ ಉರಿಸಿದರು. ನನಗೆ ಕಿಟಕಿಯಿಂದ ಟಿವಿಯವರೆಗೆ ಬೆಳಕು ತರಲಾಗಲಿಲ್ಲ.

ಬಿಸಿಲಿನ ಕೊರತೆಯನ್ನು ನೀರಿನಲ್ಲಿ ತುಂಬಿಸಲು ಹೊರಟೆ. ನಮ್ಮ ಬೋರ್‌ವೆಲ್ ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ. ಕುಂಡದ ಅಂಚಿಗೂ ಸುಣ್ಣ ಹತ್ತಿತು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು. ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ, ಅದರಲ್ಲಿರುವ ಕಬ್ಬಿಣವನ್ನು ಬೇರು ಹೀರಲಾರದಂತೆ. ಚಿನ್ನ ಕೊಟ್ಟ ಜಿಲ್ಲೆಯಲ್ಲಿ ನನ್ನ ಗಿಡಕ್ಕೆ ಕಬ್ಬಿಣಕ್ಕೆ ಗತಿಯಿಲ್ಲದಂತಾಯಿತು.

“ನೀರು ಬಸಿಯೋಕೆ ಮರಳು ಬೆರೆಸಿ,” ಎಂದು ಆಫೀಸಿನಲ್ಲಿ ಯಾರೋ ಅಂದರು. ಮರಳಿಗೆ ಕಾಸು ಯಾಕೆ? ಕೆಜಿಎಫ್‌ನಲ್ಲಿ ಗುಡ್ಡಗಳೇ ಬಿದ್ದಿವೆಯಲ್ಲ! ಒಂದು ಚೀಲ ತುಂಬಿಕೊಂಡು ರೈಲು ಹತ್ತಿದೆ.

“ಏನ್ ಸಾರ್ ಅದು?” ಪಕ್ಕದವರು ಕೇಳಿದರು.

“ಸೈನೈಡ್...” ಅಂದೆ. “ದಿಬ್ಬದ ಮಣ್ಣು” ಅನ್ನುವಷ್ಟರಲ್ಲಿ ಸೀಟು ಖಾಲಿ. ಆ ಲೈನಿನಲ್ಲಿ ನಾನು ಕಾಲು ಚಾಚಿ ಕೂತದ್ದು ಅದೊಂದೇ ಸಲ.

ಮನೆ ಬಾಗಿಲಲ್ಲೇ ಪಕ್ಕದ ಮನೆಯ ತಾತ ತಡೆದರು. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ದುಡಿದವರು. “ಅಲ್ಲಪ್ಪಾ, ಕಲ್ಲು ಹಿಟ್ಟು ಮಾಡಿ, ಸೈನೈಡ್‌ನಲ್ಲಿ ಚಿನ್ನ ಕರಗಿಸಿ ತೆಗೆದು, ಬೇಡ ಅಂತ ಸುರಿದಿದ್ದು ಇದು. ಅದರ ಮೇಲೆ ಹುಲ್ಲು ಹುಟ್ಟೋಕೇ ಹಿಂದೆಮುಂದೆ ನೋಡ್ತದೆ. ನೀನು ಹೂ ಬಿಡಿಸ್ತೀಯಾ?”

ಒಳಗೆ ಬಂದು ಗಿಡ ನೋಡಿದರು. “ನಮ್ಮನ್ನೂ ಶಿಫ್ಟ್ ಮುಗಿದ ಮೇಲೆ ಮೇಲಕ್ಕೆ ಎಳ್ಕೊಳ್ತಿದ್ರು. ಇದಕ್ಕೆ ವರ್ಷವಿಡೀ ನೈಟ್ ಶಿಫ್ಟಾ?”

ಮಾತು ನಾಟಿತು. ಚೀಲ ಬಂದ ರೈಲಿನಲ್ಲೇ ವಾಪಸು ಹೋಯಿತು. ಮರುದಿನ ಬೆಳಗಿನ ಜಾವ ಗಿಡವನ್ನು ಗೇಟಿನ ಹೊರಗಿಟ್ಟು ಡ್ಯೂಟಿಗೆ ಓಡಿದೆ. ನೆರಳಿನ ಗಿಡವನ್ನು ದಿನಕ್ಕಿಷ್ಟು ಅಂತ ಬಿಸಿಲಿಗೆ ಒಗ್ಗಿಸಬೇಕು, ಇಲ್ಲವಾದರೆ ಎಲೆ ಸುಡುತ್ತದೆ ಎಂಬುದು ಗೊತ್ತಿರಲಿಲ್ಲ. ಸುಡಲಿಲ್ಲ ಬಿಡಿ. ಬಿಸಿಲೇರುವ ಮೊದಲೇ ಮೇಕೆ ಬಂದು ಎಲೆಗಳನ್ನೆಲ್ಲ ಪಾರು ಮಾಡಿತ್ತು. ರಾತ್ರಿ ಬಂದಾಗ ಕುಂಡದಲ್ಲಿದ್ದದ್ದು ಮೋಟು ಕಡ್ಡಿಗಳು.

ಹೆಂಡತಿ ಮಾತಾಡದೆ ಕುಂಡವನ್ನು ಗೇಟಿನ ಒಳಗೆ, ಬಿಸಿಲು ಬೀಳುವ ಮೂಲೆಗೆ ಎಳೆದಿಟ್ಟಳು. ಬೋರ್‌ವೆಲ್ ನೀರು ನಿಲ್ಲಿಸಿ ಅಕ್ಕಿ ತೊಳೆದ ನೀರು ಹಾಕಿದಳು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮೇಕೆ ಮೇಯ್ದ ಕಡೆಯೆಲ್ಲ ಕವಲೊಡೆದು ಮೊಗ್ಗು ಬಂತು. ಆಫೀಸಿನಲ್ಲಿ ನಾನು ಇದನ್ನು ‘ಪ್ರೂನಿಂಗ್’ ಎಂದು ವಿವರಿಸಿದೆ. ಮೇಕೆಯ ಪ್ರಸ್ತಾಪ ಬರಲಿಲ್ಲ.

ಆದರೆ ದಾಸವಾಳದ ಹೂವಿನ ಆಯಸ್ಸು ಒಂದೇ ಹಗಲು. ಅದು ಅರಳುವಾಗ ನಾನು ರೈಲಿನಲ್ಲಿ. ನಾನು ಮನೆ ಸೇರುವಾಗ ಅದು ಮುದುಡಿರುತ್ತದೆ. ನನ್ನ ಹೂವನ್ನು ನಾನು ವಾಟ್ಸಾಪ್‌ನಲ್ಲಷ್ಟೇ ಕಂಡಿದ್ದೆ. ಭಾನುವಾರ ನೋಡೇಬಿಡೋಣವೆಂದು ಎದ್ದರೆ, ಹೂ ಆಗಲೇ ಗಣೇಶನ ತಲೆಯೇರಿ ಕೂತಿದೆ. ಕುತ್ತಿಗೆ ಚಾಚಿ, ಬಗ್ಗಿ, ದೇವರ ಮುಂದೆ ಬಹಳ ಹೊತ್ತು ನಿಂತೆ.

“ಅಂತೂ ದೇವರ ಮೇಲೆ ಭಕ್ತಿ ಬಂತಲ್ಲ,” ಅಂದಳು ಹೆಂಡತಿ. ಹೂ ನೋಡಬೇಕಿದ್ದರೆ ಬೇರೆ ದಾರಿಯಿಲ್ಲ, ಭಕ್ತಿಯನ್ನೇ ಮುಂದುವರಿಸಿದ್ದೇನೆ.