ಬೇಸಣ್ಣನ ಬಾಕ್ಸು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯಾವ ಊರಿಗೆ ಹೋದರೂ ಒಬ್ಬ ಬೇಸಣ್ಣ ಸಿಕ್ಕೇ ಸಿಗುತ್ತಾನೆ. ಕಬ್ಬಿನ ದುಡ್ಡು ಕೈಗೆ ಬಂದ ವಾರ ಅವನನ್ನು ಮನೆಯಲ್ಲಿ ಹುಡುಕಬೇಡಿ. ಮಂಡ್ಯದ ಪೇಟೆಬೀದಿಯಲ್ಲೋ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಸಬ್‌ವೂಫರಿನ ತೂತಿಗೆ ಅಂಗೈ ಅಡ್ಡ ಹಿಡಿದು, ಗಾಳಿ ಎಷ್ಟು ಹೊಡೆಯುತ್ತೆ ಅಂತ ನೋಡುತ್ತಿರುತ್ತಾನೆ. ಹಾಡು ಯಾರದಾದರೂ ಸರಿ. "ಎದೆಗೆ ಗುದ್ದಬೇಕು ಕಣಣ್ಣ, ಅಷ್ಟೇಯ."

ಡಬ್ಬದ ಮೇಲೆ 10,000 ವ್ಯಾಟ್ ಪಿಎಂಪಿಒ ಅಂತಿದ್ದರೆ ಮುಗೀತು. ಹಿಂಬದಿಯ ಚೀಟಿಯಲ್ಲಿ ಅದೇ ಡಬ್ಬ ಎಳೆಯುವ ಕರೆಂಟು 60 ವ್ಯಾಟ್ ಅಂತ ಸಣ್ಣಕ್ಷರದಲ್ಲಿರುತ್ತದೆ. ನಿಜವಾದ ವ್ಯಾಟು, ಅದೇ ಆರ್‌ಎಂಎಸ್, ಎಷ್ಟು ಕೇಳಪ್ಪ ಅಂದರೆ, "ಅದೆಲ್ಲ ಓದಿರೋರ್ಗೆ ಬುಡಣ್ಣ" ಅನ್ನುತ್ತಾನೆ. ಊರಿನ ಬೇಸಣ್ಣಂದಿರ ವ್ಯಾಟೆಲ್ಲ ನಿಜವಾಗಿದ್ದರೆ, 1902ರಿಂದ ಕರೆಂಟು ಕೊಡುತ್ತಿರುವ ಮಳವಳ್ಳಿ ತಾಲ್ಲೂಕಿನ ಬ್ಲಫ್ ವಿದ್ಯುತ್ ಕೇಂದ್ರ ಕೈ ಮುಗಿದು ಬಾಗಿಲು ಹಾಕಬೇಕಿತ್ತು.

ಮನೆಗೆ ತಂದ ಎಂಟಿಂಚಿನ ಬಾಕ್ಸನ್ನು ಮೂಲೆಗೆ ಕೂರಿಸಿ, ಹದಿನಾಲ್ಕಡಿ ಹಜಾರದ ನಟ್ಟನಡುವೆ ಕುರ್ಚಿ ಹಾಕಿಕೊಂಡು ರಿಮೋಟು ಒತ್ತುತ್ತಾನೆ. ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಗಲಗಲ ಕುಣಿದು, ಒಂದು ಅಂಚಿಗೆ ಜರುಗಿ ಠಣ್ ಅಂತ ಕೆಳಗೆ ಬೀಳುತ್ತದೆ. ಇವನ ಎದೆ ಮಾತ್ರ ತಣ್ಣಗೆ. ಯಾಕಂದರೆ ಬೇಸಿನ 40 ಹರ್ಟ್ಸಿನ ಅಲೆ ಸುಮಾರು 28 ಅಡಿ ಉದ್ದ. ಅಂಥ ಹಜಾರದಲ್ಲಿ ಅರ್ಧ ಅಲೆ ಸರಿಯಾಗಿ ಕೂರುತ್ತೆ. ಗೋಡೆ ಪಕ್ಕ ಜೋರು, ನಡುಮಧ್ಯೆ ಹೆಚ್ಚುಕಡಿಮೆ ಸೊನ್ನೆ. ಇವನು ದುಡ್ಡು ಕೊಟ್ಟ ಬೇಸೆಲ್ಲ ಗೋಡೆಗೆ ಮಂಚ ಹಾಕಿಕೊಂಡಿರುವ ಅವ್ವನ ಪಾಲು.

"ಎದೆ ಗುದುಗುದು ಅಂತದೆ ಕಲಾ ಮಗ, ಆಸ್ಪತ್ರೆಗೆ ಕರ್ಕೊಂಡೋಗ್ಲಾ."

"ನಂಗೇನೂ ಆಗ್ತಾನೇ ಇಲ್ವಲ್ಲವ್ವ!"

ಎಂಟು ಹೋಗಿ ಹತ್ತು ಬಂತು, ಹತ್ತು ಹೋಗಿ ಹನ್ನೆರಡು. ಕುರ್ಚಿ ಗೋಡೆ ಕಡೆ ಎಳಕೊಳಪ್ಪ ಅಂದೆ. ಖರ್ಚಿಲ್ಲದ ಉಪಾಯ, ಅದಕ್ಕೇ ರುಚಿಸಲಿಲ್ಲ.

ಈ ಸಲ ಪ್ಲೈವುಡ್ ಕುಯ್ಯಿಸಿ ಹದಿನೈದಿಂಚಿನದು ಮಾಡಿಸಿದ. ಹಳೇ ಮೂಲೆ ಸಾಲದು, ಅವ್ವನ ಮಂಚದ ಜಾಗಕ್ಕೇ ಬಾಕ್ಸು ಬಂತು, ಮಂಚ ಹಜಾರದ ನಡುವಿಗೆ ಹೋಯಿತು. ಕುರ್ಚಿಗೆ ಜಾಗವಿಲ್ಲದೆ ಬೇಸಣ್ಣ ಗೋಡೆಗೊರಗಿ ಕೂತ. ಅವ್ವ ಗೊರಕೆ ಹೊಡೆಯುತ್ತಿದ್ದಳು. ಇವನು ಎದೆ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದ:

"ನಾನೇಳ್ಲಿಲ್ವಾ? ಹದಿನೈದು ಅಂದ್ರೆ ಹದಿನೈದೇ ಕಣಣ್ಣ!"