ಕುರ್ಚಿ ಇದ್ದವರನ್ನಷ್ಟೇ ಹಿಡಿಯುವ ದೆವ್ವ

ಚಾಮರಾಜನಗರ ಜಿಲ್ಲೆಯವನೆಂದು ಹೇಳಿಕೊಂಡರೆ ಬೆಂಗಳೂರಿನಲ್ಲಿ ಎದುರಾಗುವುದು ಎರಡೇ ಪ್ರಶ್ನೆ. ಮಾಟ ತೆಗೆಯುವವರು ಯಾರಾದರೂ ಗೊತ್ತಾ? ನಿಮ್ಮೂರಿಗೆ ಬಂದ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದಂತಲ್ಲ, ನಿಜವಾ? ಮಾಟದ ಕೀರ್ತಿ ಏನಿದ್ದರೂ ಕೊಳ್ಳೇಗಾಲದ್ದು, ಗುಂಡ್ಲುಪೇಟೆಯ ನನಗೆ ಅದರಲ್ಲಿ ಪಾಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮುಂಗಡ ಹಣ ವಾಪಸು ಕೊಡಲು ಸತಾಯಿಸುತ್ತಿದ್ದ ಮನೆ ಮಾಲೀಕರೊಬ್ಬರು, ನನ್ನ ಜಿಲ್ಲೆ ಯಾವುದೆಂದು ಗೊತ್ತಾದ ಮಾರನೇ ದಿನವೇ ಸುಣ್ಣಬಣ್ಣದ ಖರ್ಚನ್ನೂ ಮುರಿದುಕೊಳ್ಳದೆ ಪೂರ್ತಿ ಎಣಿಸಿ ಕೊಟ್ಟರು. ಅಲ್ಲಿಂದಾಚೆಗೆ ಕೊಳ್ಳೇಗಾಲದ ಕೀರ್ತಿಯಲ್ಲಿ ನನ್ನ ಪಾಲು ಬೇಡವೆನ್ನುವುದನ್ನು ಬಿಟ್ಟಿದ್ದೇನೆ.

ದೆವ್ವಕ್ಕೆ ನಮ್ಮ ಕಡೆ ಬರವೇನಿಲ್ಲ. ಆದರೆ ನಮ್ಮಜ್ಜಿ ಎಲ್ಲವನ್ನೂ ದೆವ್ವವೆಂದು ಒಪ್ಪುತ್ತಿರಲಿಲ್ಲ. ಮೊದಲು ಅದಕ್ಕೊಂದು ವಿಳಾಸ ಬೇಕು: ಯಾವ ಹುಣಸೆಮರ, ಯಾವ ಹಾಳುಬಾವಿ, ಯಾವ ಕೆರೆ ಏರಿ. ಆಮೇಲೆ ಕಾರಣ ಬೇಕು: ಅತ್ತೆ ಅನ್ನ ಹಾಕಿರಲಿಲ್ಲವೋ, ದಾಯಾದಿ ಹೊಲ ಒತ್ತಿಕೊಂಡಿದ್ದನೋ. “ಸುಮ್ಸುಮ್ನ ಯಾವ ಗಾಳಿನೂ ಮೆಟ್ಕಳಲ್ಲ ಕನಾ, ಅದ್ಕೂ ಗ್ಯಾನ ಅದ” ಎನ್ನುತ್ತಿದ್ದಳು. ದಿಂಬಿನ ಕೆಳಗೆ ಹಳೇ ಎಕ್ಕಡ ಇಟ್ಟುಕೊಂಡರೆ ಯಾವುದೂ ಹತ್ತಿರ ಸುಳಿಯದು ಎಂಬುದು ಅವಳ ಮದ್ದು. ಆ ವಾಸನೆಗೆ ನಿದ್ದೆಯೂ ಸುಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಎಕ್ಕಡಕ್ಕೆ ನಮ್ಮ ಸೀಮೆಯಲ್ಲಿರುವ ಮರ್ಯಾದೆ ಬೇರೆಲ್ಲೂ ಇರಲಾರದು. ಕಂಸಾಳೆಯವರು ಹಾಡುವ ಕತೆಯಲ್ಲಿ ಮಾದಪ್ಪ ಶ್ರವಣಾಸುರನನ್ನು ಮುಗಿಸುವುದು ಎಕ್ಕಡದ ಉಪಾಯದಿಂದಲೇ. ಬಿಳಿಗಿರಿರಂಗ ಕಾಡೆಲ್ಲ ಸುತ್ತುತ್ತಾನೆ, ಸುತ್ತಿ ಸುತ್ತಿ ಪಾದುಕೆ ಸವೆಯುತ್ತದೆ, ಅದಕ್ಕೇ ಬೂದಿಪಡಗ ಎಂಬ ಊರಿನವರು ಎರಡು ವರ್ಷಕ್ಕೊಮ್ಮೆ ಹೊಸ ಜೊತೆ ಹೊಲಿದು ಒಪ್ಪಿಸುತ್ತಾರೆ. ಬೆಟ್ಟಕ್ಕೆ ಹೋದ ಭಕ್ತರು ಆ ಪಾದುಕೆಯನ್ನು ತಲೆಗೆ ಮುಟ್ಟಿಸಿಕೊಂಡು ಧನ್ಯರಾಗುತ್ತಾರೆ. ಆ ಕಾಡಿನ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡ ರಂಗ ಸೋಲಿಗರಿಗೆಲ್ಲ ಬಾವ. ಸರಿರಾತ್ರಿ ಕಾಡಿನಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಬೇರೆ ಊರಿನವರು ದೆವ್ವ ಎಂದು ಕಿರುಚಬೇಕು. ಇಲ್ಲಿ ‘ಬಾವ ಬಂದ’ ಎಂದು ಮಗ್ಗುಲು ಬದಲಿಸಬಹುದು.

ಇನ್ನು ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರ್ ಎತ್ತರ, ಎದುರಿಗೆ ನಿಂತವರೇ ಕಾಣದಂಥ ಮಂಜು. ದೆವ್ವಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿನ ಐತಿಹ್ಯದಲ್ಲಿ ದೆವ್ವವಿಲ್ಲ, ಕಾಗೆಯಿದೆ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ, ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳೇ ಇಲ್ಲವಂತೆ. ಪಿಂಡ ಮುಟ್ಟುವುದಕ್ಕೆ ಕಾಗೆಯೇ ಇಲ್ಲದ ಮೇಲೆ ಸತ್ತವರು ಅಷ್ಟು ಎತ್ತರ ಹತ್ತಿ ಬಂದು ಮಾಡುವುದೇನು? ಬೆಟ್ಟದಲ್ಲಿ ದೆವ್ವವಿಲ್ಲದಿರುವುದಕ್ಕೆ ಇದೇ ಕಾರಣವೆಂಬುದು ನನ್ನ ಸಂಶೋಧನೆ.

ಈ ದೆವ್ವಗಳ ಕಸುಬಿಗೂ ಕಷ್ಟಕಾಲ ಬಂತು. ಮೊದಲ ಪೆಟ್ಟು ಗೋಪಿನಾಥಂನ ವೀರಪ್ಪನ್‌ನದು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜಕುಮಾರರನ್ನು ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟವನ ಮೀಸೆಯ ಮುಂದೆ ಮೋಹಿನಿಯ ಜಡೆಗೆ ಏನು ಬೆಲೆ? ಆಗ ಕತ್ತಲಾದೊಡನೆ ಬಾಗಿಲು ಹಾಕುತ್ತಿದ್ದುದು ಬದುಕಿರುವವರಿಗೆ ಹೆದರಿ. 2004ರ ಅಕ್ಟೋಬರ್ 18ಕ್ಕೆ ಅವನ ಕತೆ ಮುಗಿಯಿತು. ದೆವ್ವಗಳು ಚೇತರಿಸಿಕೊಳ್ಳುವಷ್ಟರಲ್ಲಿ, 2009ರಲ್ಲಿ, ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಾಯಿತು. ಬಿಳಿ ಸೀರೆಯುಟ್ಟು ತಿರುವಿನಲ್ಲಿ ಲಿಫ್ಟ್ ಕೇಳುವವಳ ಡ್ಯೂಟಿ ಶುರುವಾಗುವುದೇ ಹನ್ನೆರಡಕ್ಕೆ. ಲಾರಿಯೇ ಇಲ್ಲದ ರಸ್ತೆಯಲ್ಲಿ ಯಾರಿಗೆ ಕೈ ಅಡ್ಡ ಹಿಡಿಯಬೇಕು? ಬಿಟ್ಟಿರುವ ಕೆಲವೇ ಬಸ್ಸುಗಳಲ್ಲೊಂದನ್ನು ಹತ್ತಿದಳೆನ್ನಿ. ಹೆಂಗಸರಿಗೆ ಟಿಕೆಟ್ ಉಚಿತವಾದರೂ ಕಂಡಕ್ಟರು ಆಧಾರ್ ಕೇಳದೆ ಬಿಡುವುದಿಲ್ಲ.

ಹೀಗೆ ಮಾನವಾಗಿ ಬಾಳಿದ ದೆವ್ವಗಳೆಲ್ಲ ಮೂಲೆ ಸೇರಿ, ಊರು ಕೇರಿ ಗೊತ್ತಿಲ್ಲದ ಒಂದು ಮಾತ್ರ ರಾಜ್ಯಮಟ್ಟಕ್ಕೇರಿತು. ಚಾಮರಾಜನಗರ ಪೇಟೆಗೆ ಕಾಲಿಟ್ಟ ಮುಖ್ಯಮಂತ್ರಿ ಆರು ತಿಂಗಳಲ್ಲಿ ಮಾಜಿ ಎಂಬ ಮಾತು ಅದು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಟೀ ಅಂಗಡಿಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಆಮೇಲಿನವರು ಹುಷಾರಾದರು. 1997ರಲ್ಲಿ ಹೊಸ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಧೈರ್ಯ ಮಾಡಿ ಪೇಟೆಗೇ ಬಂದರು. ಆ ವರ್ಷವೇ ಅಧಿಕಾರ ಹೋಯಿತು. ಹೋದದ್ದು ಅಧಿಕಾರ ಹಂಚಿಕೆಯ ಇಪ್ಪತ್ತು ತಿಂಗಳ ಒಪ್ಪಂದದ ಜಗಳದಿಂದ ಎಂಬುದನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತ್ತು. ಆದರೂ ಕೆಟ್ಟ ಹೆಸರು ನಮಗೇ.

ಅಜ್ಜಿಯ ಪರೀಕ್ಷೆಯಲ್ಲಿ ಈ ದೆವ್ವ ಫೇಲು. ಯಾವ ಮರ, ಯಾವ ಬಾವಿ? ಯಾರು ಯಾರಿಗೆ ಅನ್ನ ಹಾಕಿರಲಿಲ್ಲ? ಸೋಲಿಗರ ಹಾಡಿನಲ್ಲಿ ಇದರ ಸುಳಿವಿಲ್ಲ, ನೀಲಗಾರರು ಹಾಡುವ ಮಂಟೇಸ್ವಾಮಿ ಕತೆಯಲ್ಲೂ ಇಲ್ಲ. ಅಮಾವಾಸ್ಯೆ ಹುಣ್ಣಿಮೆಯ ಹಂಗಿಲ್ಲದೆ, ಹಾಡಹಗಲೇ, ಪೊಲೀಸ್ ಬಂದೋಬಸ್ತಿನ ನಡುವೆ ಹಾರ ಹಾಕಿಸಿಕೊಂಡವರನ್ನೇ ಹುಡುಕಿ ಹಿಡಿಯುತ್ತದೆ. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಒತ್ತಕ್ಷರ ಸರಿಪಡಿಸಲು ನಾನು ಕಚೇರಿಯೊಂದಕ್ಕೆ ಅಲೆದು ಅಲೆದು ಸವೆದೆ. ನನ್ನತ್ತ ಅದು ತಿರುಗಿಯೂ ನೋಡಲಿಲ್ಲ. ಇದು ನಮ್ಮ ಕಡೆಯದೇ ಅಲ್ಲ. ವಿಧಾನಸೌಧದ ಮೊಗಸಾಲೆಯಲ್ಲಿ ಹುಟ್ಟಿ, ಜ್ಯೋತಿಷಿಗಳ ಮನೆಯಲ್ಲಿ ಬೆಳೆದು, ನಮ್ಮೂರಿನ ವಿಳಾಸ ಕೊಟ್ಟುಕೊಂಡು ತಿರುಗುತ್ತಿರುವ ಬೆಂಗಳೂರು ದೆವ್ವ.

ಲೆಕ್ಕವೂ ಅದರ ಪರವಾಗಿಲ್ಲ. ಅರಸರ ನಂತರ ಐದು ವರ್ಷದ ಅವಧಿಯೊಂದನ್ನು ಪೂರ್ತಿ ಮುಗಿಸಿದ ಮುಖ್ಯಮಂತ್ರಿ 2018ರವರೆಗೆ ಒಬ್ಬರೂ ಇರಲಿಲ್ಲ. ನಮ್ಮೂರಿಗೆ ಬಂದವರೂ ಹೋದರು, ಬಾರದವರೂ ಹೋದರು. ಕೊನೆಗೆ ಐದು ವರ್ಷ ಪೂರೈಸಿದವರು ಸಿದ್ದರಾಮಯ್ಯ. ಆ ಅವಧಿಯಲ್ಲಿ ಹತ್ತಕ್ಕೂ ಹೆಚ್ಚು ಸಲ ಚಾಮರಾಜನಗರಕ್ಕೆ ಬಂದವರೂ ಅವರೇ. ಆಮೇಲಿನ ಚುನಾವಣೆಯಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡಾಗ “ನೋಡ್ದಾ, ನಾ ಏಳ್ನಿಲ್ವಾ” ಎಂದವರೂ ಉಂಟು. ಐದು ವರ್ಷ ಕಾದು ಕೂತು ಹಿಡಿಯುವ ದೆವ್ವವಾದರೆ ಅದನ್ನು ಚುನಾವಣಾ ಆಯೋಗಕ್ಕೆ ಸೇರಿಸಿಕೊಳ್ಳುವುದೇ ಮೇಲು.

ಅಶುಭವೆಂಬ ಹೆಸರು ಹೋಗಿ ಹೋಗಿ ಇಂಥ ಊರಿಗೆ ಅಂಟಿತಲ್ಲ ಎಂಬುದು ನನ್ನ ತಕರಾರು. ಇದು ಹಿಂದೆ ಅರಿಕುಠಾರ. ಇಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು 1818ರಲ್ಲಿ ಊರಿಗಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಾಮರಾಜೇಶ್ವರನ ಗುಡಿ ಕಟ್ಟಿಸಿದವರೂ ಅವರೇ. ನಾಡೆಲ್ಲ ಆಷಾಢಕ್ಕೆ ಹೆದರಿ, ಹೊಸ ಸೊಸೆಯನ್ನು ತವರಿಗಟ್ಟಿ, ಶುಭಕಾರ್ಯ ನಿಲ್ಲಿಸಿ ಕೂತಿರುವಾಗ ಈ ಚಾಮರಾಜೇಶ್ವರ ಆಷಾಢದಲ್ಲೇ ತೇರು ಹತ್ತುತ್ತಾನೆ. ಅದನ್ನು ನೋಡಲು ಹೊಸದಾಗಿ ಮದುವೆಯಾದ ಜೋಡಿಗಳೇ ಹಿಂಡುಹಿಂಡಾಗಿ ಬರುತ್ತವೆ. 2017ರಲ್ಲಿ ಕಿಡಿಗೇಡಿಯೊಬ್ಬ ತೇರಿಗೇ ಬೆಂಕಿಯಿಟ್ಟ. 2022ರ ಆಷಾಢದಲ್ಲಿ ಹೊಸ ತೇರು ಹೊರಟಿತು. ಆಷಾಢಕ್ಕೇ ಹೆದರದ ಊರನ್ನು ಕಂಡು ಆಳುವವರು ಹೆದರಿದರೆ ಊರು ಏನು ಮಾಡಬೇಕು?

ಇದನ್ನು ಓದುತ್ತಿರುವವರಲ್ಲಿ ಮುಖ್ಯಮಂತ್ರಿಗಳು ಇರಲಾರರು, ಹಾಗಾಗಿ ಧಾರಾಳವಾಗಿ ಬನ್ನಿ. ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿದೆ. ಗೋಪಾಲಸ್ವಾಮಿ ಬೆಟ್ಟದ ಮೇಲಕ್ಕೆ ಸ್ವಂತ ವಾಹನ ಬಿಡುವುದಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸು ಹತ್ತಬೇಕು. ಅಲ್ಲಿಂದ ಊಟಿಗೋ ವಯನಾಡಿಗೋ ಮುಂದುವರಿಯುವವರು ರಾತ್ರಿ ಒಂಬತ್ತರೊಳಗೆ ಮೇಲುಕಾಮನಹಳ್ಳಿ ಅಥವಾ ಮದ್ದೂರು ಚೆಕ್‌ಪೋಸ್ಟ್ ದಾಟಿಕೊಳ್ಳಿ. ದೆವ್ವದ ಭಯಕ್ಕಲ್ಲ, ಆನೆಗಳು ರಸ್ತೆ ದಾಟುವ ಹೊತ್ತು ಅದು.